ಹಳೇ ಲೈಟ್ ಫಿಟ್ಟಿಂಗ್‌ಗೆ ಹೊಡೆದ ಬಣ್ಣ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಗುಜರಿ ಅಂಗಡಿಯಲ್ಲೋ, ಬೆಂಗಳೂರಿನ ಸಂಡೆ ಬಜಾರಿನಲ್ಲೋ, ಮನೆ ಖಾಲಿ ಮಾಡುವವರ ಹತ್ತಿರವೋ ಕೊಂಡ ಹಳೇ ಗೋಡೆ ದೀಪಕ್ಕೆ, ತೂಗುದೀಪಕ್ಕೆ ಸ್ಪ್ರೇ ಹೊಡೆದು ಹೊಸ ರೂಪ ಕೊಡುವುದು ಕಷ್ಟದ ಕೆಲಸವಲ್ಲ. ಹೊಡೆದ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ವಾರ ಕಳೆದ ಮೇಲೆ ಬಣ್ಣ ಉಗುರಿಗೆ ಏಳುತ್ತದೆ, ಮಳೆಗಾಲಕ್ಕೆ ಗುಳ್ಳೆ ಬರುತ್ತದೆ, ದೀಪ ಹಾಕಿದರೆ ವಾಸನೆ ಬರುತ್ತದೆ, ಕೆಲವೊಮ್ಮೆ ಮೈ ಮುಟ್ಟಿದರೆ ಜುಮ್ ಎನ್ನುತ್ತದೆ. ಆಗ ಹೆಚ್ಚಿನವರು ಮಾಡುವುದು ಮೇಲೆ ಇನ್ನೊಂದು ಕೋಟ್ ಹೊಡೆಯುವುದು. ಅದರಿಂದ ದೋಷ ಮುಚ್ಚಿಹೋಗುತ್ತದೆಯೇ ಹೊರತು ಹೋಗುವುದಿಲ್ಲ. ಯಾವ ಪದರ ಯಾವುದನ್ನು ಬಿಟ್ಟು ಎದ್ದಿದೆ ಎಂಬುದನ್ನು ಕಂಡುಕೊಂಡ ಮೇಲೆಯೇ ಡಬ್ಬಿ ಕೈಗೆತ್ತಿಕೊಳ್ಳಬೇಕು.

ಶಾಕ್, ಟ್ರಿಪ್, ಮಿನುಗುವಿಕೆ: ಇವನ್ನು ಮೊದಲು ನೋಡಿ

ದೀಪದ ಮೈ ಜುಮ್ ಎನ್ನುವುದು, ಮೈಗೆ ಟೆಸ್ಟರ್ ಹಿಡಿದರೆ ಉರಿಯುವುದು, ಎಂಸಿಬಿ ಅಥವಾ ಆರ್‌ಸಿಸಿಬಿ (ದೋಷವಿದ್ದಾಗ ತಾನಾಗಿಯೇ ಕರೆಂಟ್ ಕಡಿಯುವ ಸ್ವಿಚ್‌ಗಳು) ಬೀಳುವುದು: ಇವುಗಳಲ್ಲಿ ಒಂದಿದ್ದರೂ ಬಣ್ಣದ ವಿಚಾರ ಬದಿಗಿಡಿ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಹಳೇ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಹಾಕಿರುವುದುಂಟು. ದೀಪ ಆರಿದ್ದರೂ ಹೋಲ್ಡರ್‌ನಲ್ಲಿ 230 ವೋಲ್ಟ್ ನಿಂತೇ ಇರುತ್ತದೆ. ಎಂಸಿಬಿ ಇಳಿಸಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದರ ಲೈನನ್ನೂ ಬಂದ್ ಮಾಡಿ, ಏಕೆಂದರೆ ದೀಪಗಳಿಗೆ ಕರೆಂಟ್ ಬರುವುದು ಸಾಮಾನ್ಯವಾಗಿ ಅದೇ ಲೈನಿನಿಂದ. ಟೆಸ್ಟರ್ ಸರಿಯಿದೆಯೇ ಎಂದು ಕರೆಂಟ್ ಇರುವ ಬೇರೊಂದು ಸಾಕೆಟ್‌ನಲ್ಲಿ ಮೊದಲು ನೋಡಿಕೊಂಡು, ಆಮೇಲೆ ದೀಪದ ಎರಡೂ ತಂತಿಗಳನ್ನು ಪರೀಕ್ಷಿಸಿ. ಅಷ್ಟಾದ ಮೇಲೆ ಫಿಟ್ಟಿಂಗನ್ನು ಗೋಡೆಯಿಂದ ಬಿಡಿಸಿ ಮೇಜಿನ ಮೇಲೆ ತನ್ನಿ. ಏಣಿಯ ಮೇಲೆ ನಿಂತು ದೋಷ ಹುಡುಕಬೇಡಿ.

ಬಣ್ಣ ಹೊಡೆದ ಮೇಲೆಯೇ ಶುರುವಾದ ಶಾಕ್‌ಗೆ ಮೊದಲು ಅನುಮಾನಿಸಬೇಕಾದದ್ದು ಅರ್ಥ್ ಸಂಪರ್ಕವನ್ನು. ಬಿಚ್ಚಿದ ಭಾಗಗಳಿಗೆಲ್ಲ ಒಳಗೂ ಹೊರಗೂ ಬಣ್ಣ ಬಿದ್ದಿರುತ್ತದೆ. ಹಸಿರು ತಂತಿಯ ತುದಿಯ ರಿಂಗನ್ನು ಆ ಬಣ್ಣದ ಮೇಲೆಯೇ ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ನೋಡಲು ಅರ್ಥ್ ಇದೆ. ನಡುವಿನ ಬಣ್ಣದ ತೆಳು ಪದರ ಮಾತ್ರ ಒಳ್ಳೆಯ ಇನ್ಸುಲೇಟರ್. ಹೋಲ್ಡರ್‌ನಲ್ಲಿ ಸ್ವಲ್ಪ ಲೀಕೇಜ್ ಮೊದಲೇ ಇದ್ದರೆ ಅದು ಇಷ್ಟು ದಿನ ಅರ್ಥ್ ಮೂಲಕ ಹೋಗುತ್ತಿತ್ತು, ಈಗ ದೀಪದ ಮೈಯಲ್ಲಿ ನಿಲ್ಲುತ್ತದೆ. ಪರಿಹಾರ: ಅರ್ಥ್ ಸ್ಕ್ರೂ ಸುತ್ತ 10-12 ಮಿ.ಮೀ. ಅಗಲದ ಜಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆಯಿರಿ, ರಿಂಗ್ ಲಗ್ ಕೂರಿಸಿ, ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿಯಿರಿ. ಮಲ್ಟಿಮೀಟರಿನ ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಓಮ್ ಮೊದಲು ಬರೆದಿಟ್ಟುಕೊಳ್ಳಿ. ಅರ್ಥ್ ತಂತಿಯ ತುದಿಯಿಂದ ದೀಪದ ಮೈಯ ಬಣ್ಣವಿಲ್ಲದ ಒಂದು ಬಿಂದುವಿಗೆ ಅಳೆದು ಆ ಸಂಖ್ಯೆಯನ್ನು ಕಳೆದರೆ ಅರ್ಧ ಓಮ್‌ಗಿಂತ ಕಡಿಮೆ ಉಳಿಯಬೇಕು. ದೀಪದ ಕೈ (ಚಾಚಿಕೊಂಡ ಕೊಳವೆ), ಶೇಡ್, ಬೇಸ್ ಪ್ಲೇಟ್ ಬೇರೆ ಬೇರೆ ತುಂಡುಗಳಾಗಿದ್ದರೆ ಒಂದೊಂದನ್ನೂ ಅಳೆಯಿರಿ. ಕೈ ಮತ್ತು ಬೇಸ್ ಸೇರುವ ಥ್ರೆಡ್‌ನಲ್ಲಿ ಬಣ್ಣ ತುಂಬಿದ್ದರೆ ಬೇಸ್‌ಗೆ ಅರ್ಥ್ ಇದ್ದೂ ಕೈಗೆ ಇರುವುದಿಲ್ಲ.

ಅರ್ಥ್ ಸರಿಪಡಿಸಿದ ಮಾತ್ರಕ್ಕೆ ಲೀಕೇಜ್ ಹೋಯಿತು ಎಂದುಕೊಳ್ಳಬಾರದು. ಬಲ್ಬ್ ತೆಗೆದು, ದೀಪದ ಮೈ ಮತ್ತು ಫೇಸ್ ತಂತಿಯ ನಡುವೆ, ಮೈ ಮತ್ತು ನ್ಯೂಟ್ರಲ್ ನಡುವೆ ಅಳೆದರೆ ಮೀಟರ್ ಪೂರ್ತಿ ತೆರೆದ ಸರ್ಕ್ಯೂಟ್ ತೋರಿಸಬೇಕು. ಮೀಟರಿನ ಬ್ಯಾಟರಿಯ ಒತ್ತಡ ಕಡಿಮೆ, ಹಾಗಾಗಿ ಅದು ದೊಡ್ಡ ದೋಷವನ್ನಷ್ಟೇ ಹಿಡಿಯುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಮೆಗ್ಗರ್ (ಹೆಚ್ಚಿನ ವೋಲ್ಟ್‌ನಲ್ಲಿ ಇನ್ಸುಲೇಶನ್ ಅಳೆಯುವ ಮೀಟರ್) ಇದ್ದರೆ 500 ವೋಲ್ಟ್ ಡಿಸಿಯಲ್ಲಿ ನೋಡಿಸಿ. 1 ಮೆಗಾಓಮ್‌ಗಿಂತ ಕೆಳಗೆ ಬಂದರೆ ಒಳಗಿನ ತಂತಿ, ಹೋಲ್ಡರ್ ಎರಡನ್ನೂ ಬದಲಿಸಿ. ಕೊಂಡ ದೀಪ ಬಹಳ ಹಳೆಯದಾಗಿದ್ದು, ಒಳಗೆ ನೂಲಿನ ಹೊದಿಕೆಯ ರಬ್ಬರ್ ತಂತಿ ಇದ್ದರೆ ಅಳತೆಯೇ ಬೇಡ. ಬಗ್ಗಿಸಿದರೆ ಪುಡಿಪುಡಿಯಾಗುವ ಆ ರಬ್ಬರನ್ನು ಪೂರ್ತಿ ಎಳೆದು ತೆಗೆದು 0.75 ಚದರ ಮಿ.ಮೀ. ಮೂರು ಕೋರ್ ತಂತಿ ಹಾಕಿ. ಹಳೇ ತಂತಿಯ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ವಕ್ರ ಕೈಯೊಳಗೂ ಸುಲಭವಾಗಿ ಹಾಯುತ್ತದೆ. ಕೊಳವೆಯ ಕತ್ತರಿಸಿದ ಅಂಚು ತಂತಿಯ ಸಿಪ್ಪೆಯನ್ನು ಕೊಯ್ಯುವುದು ತೀರಾ ಸಾಮಾನ್ಯ. ಅಂಚನ್ನು ಅರದಿಂದ ಉಜ್ಜಿ, ರಬ್ಬರ್ ಅಥವಾ ಪ್ಲಾಸ್ಟಿಕ್ ಬುಷ್ ಕೂರಿಸಿ.

ಸ್ಕ್ರೂ ಹೋಲ್ಡರ್ ಇರುವ ದೀಪದಲ್ಲಿ ಇನ್ನೊಂದು ತಪ್ಪಿದೆ. ಫೇಸ್ ನಡುವಿನ ಪತ್ತಿಗೆ ಹೋಗಬೇಕು, ನ್ಯೂಟ್ರಲ್ ಸುತ್ತಲಿನ ಥ್ರೆಡ್‌ಗೆ. ಮರುಜೋಡಿಸುವಾಗ ಇದು ತಿರುಗಾಮುರುಗಾ ಆದರೆ ದೀಪ ಎಂದಿನಂತೆಯೇ ಉರಿಯುತ್ತದೆ, ಆದರೆ ಬಲ್ಬ್ ತಿರುಗಿಸುವ ಕೈಬೆರಳು ತಾಗುವ ಲೋಹಕ್ಕೇ ಫೇಸ್ ಬಂದಿರುತ್ತದೆ. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದಿದ್ದರೂ ಅದನ್ನೇ ನಂಬಬೇಡಿ, ಹಳೇ ಜೋಡಣೆಯೇ ತಪ್ಪಿರಬಹುದು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಎರಡು ಪಿನ್ನಿನ ಹೋಲ್ಡರ್‌ನಲ್ಲಿ ಈ ಭೇದವಿಲ್ಲ.

ದೀಪ ಮಿನುಗುತ್ತಿದ್ದರೆ, ಹೋಲ್ಡರ್ ಬಿಚ್ಚದೆ ಸ್ಪ್ರೇ ಹೊಡೆದಿದ್ದಾರೆಯೇ ನೋಡಿ. ಪಿನ್ ಹೋಲ್ಡರ್‌ನ ಸ್ಪ್ರಿಂಗ್ ಕಡ್ಡಿಗಳ ತುದಿಗೆ ಬಣ್ಣ ಬಿದ್ದರೆ ಸಂಪರ್ಕ ಕೆಡುತ್ತದೆ, ಸ್ಪ್ರಿಂಗೂ ಅಂಟಿಕೊಂಡು ಒಳಗೇ ನಿಲ್ಲುತ್ತದೆ. ಅಲ್ಲಿ ಕಿಡಿ ಹಾರಿ ಬಿಸಿಯಾಗಿ ಬೇಕಲೈಟ್ ಸುಡುತ್ತದೆ. ಕೆರೆದು ಸರಿಮಾಡಲು ಹೋಗಬೇಡಿ. ಹೊಸ ಹೋಲ್ಡರ್ ಅಗ್ಗ, ಬದಲಿಸಿಬಿಡಿ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಮಂದವಾಗಿ ಉರಿಯುತ್ತಿದ್ದರೆ ಮಾತ್ರ ಅದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಸ್ವಿಚ್ಚಿನ ಇಂಡಿಕೇಟರ್ ಅಥವಾ ನ್ಯೂಟ್ರಲ್ ಮೇಲಿನ ಸ್ವಿಚ್ ಕಾರಣವಾಗಿರುತ್ತದೆ.

ಸುಲಿದ ಚಕ್ಕೆಯನ್ನು ತಿರುಗಿಸಿ ನೋಡಿ

ಬಣ್ಣ ಏಳುತ್ತಿರುವ ಕಡೆ ಬ್ಲೇಡಿನ ತುದಿಯಿಂದ ಬೆರಳುಗುರಿನಷ್ಟು ಚಕ್ಕೆ ಎತ್ತಿ. ಏಳುತ್ತಿಲ್ಲ, ಆದರೆ ಅನುಮಾನವಿದೆ ಎಂದರೆ ಬ್ಲೇಡಿನಿಂದ 2 ಮಿ.ಮೀ. ಅಂತರದಲ್ಲಿ ಅಡ್ಡ ಆರು, ಉದ್ದ ಆರು ಗೆರೆ ಲೋಹ ಮುಟ್ಟುವಂತೆ ಎಳೆಯಿರಿ. ಅದರ ಮೇಲೆ ಒಳ್ಳೆಯ ಸೆಲ್ಲೋಟೇಪ್ ಒತ್ತಿ, ತುದಿ ಹಿಡಿದು ಒಂದೇ ಸಲಕ್ಕೆ ಎಳೆಯಿರಿ. ಗೆರೆಗಳ ಅಂಚಿನಲ್ಲಿ ಚೂರುಪಾರು ಬಂದರೆ ಪರವಾಗಿಲ್ಲ. ಚೌಕಗಳೇ ಎದ್ದು ಬಂದರೆ ಆ ಬಣ್ಣ ನಿಲ್ಲುವುದಿಲ್ಲ. ಬೇಸ್ ಪ್ಲೇಟ್‌ನ ಹಿಂಬದಿಯಲ್ಲಿ ಮಾಡಿದರೆ ಗುರುತೂ ಕಾಣುವುದಿಲ್ಲ.

ಈಗ ಚಕ್ಕೆಯ ಅಡಿಭಾಗ, ಅದು ಬಿಟ್ಟ ಜಾಗ ಎರಡನ್ನೂ ಬಿಸಿಲಿಗೆ ಹಿಡಿದು ನೋಡಿ.

ಚಕ್ಕೆಯ ಅಡಿ ಗಾಜಿನಂತೆ ನುಣುಪಾಗಿದ್ದು ಕೆಳಗಿನ ಲೋಹ ಹೊಳೆಯುತ್ತಿದ್ದರೆ, ಉಜ್ಜದೆಯೇ ಬಣ್ಣ ಹೊಡೆದಿದ್ದಾರೆ ಅಥವಾ ಕ್ರೋಮ್, ನಿಕ್ಕಲ್, ಲ್ಯಾಕರ್ ಹೊಡೆದ ಹಿತ್ತಾಳೆಯ ಮೇಲೆ ಸಾಧಾರಣ ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ಅಡಿಪದರ) ಹಾಕಿದ್ದಾರೆ. ಬಣ್ಣಕ್ಕೆ ಹಿಡಿದುಕೊಳ್ಳಲು ಗೀರುಗಳು ಬೇಕು.

ಅಡಿಯಲ್ಲಿ ಬಿಳಿ ಪುಡಿ, ಜೊತೆಗೆ ಸ್ವಲ್ಪ ಜಿಗುಟು ಇದ್ದರೆ ಅದು ಸತುವಿನ ಲೇಪವಿರುವ ತಗಡು ಅಥವಾ ಸತುವಿನ ಎರಕ. ಸಾಮಾನ್ಯ ಸಿಂಥೆಟಿಕ್ ಎನಾಮೆಲ್‌ನಲ್ಲಿರುವ ಎಣ್ಣೆಯ ಆಮ್ಲಗಳು ತೇವದ ಜೊತೆ ಸೇರಿ ಸತುವಿನೊಂದಿಗೆ ಸಾಬೂನಿನಂಥ ಪದರ ಮಾಡುತ್ತವೆ. ಆ ಪದರದ ಮೇಲೆ ಏನೂ ನಿಲ್ಲದು. ಇದು ಹೊಡೆದ ವಾರದಲ್ಲೇ ಕಾಣುವುದಿಲ್ಲ, ಕೆಲವು ತಿಂಗಳಾದ ಮೇಲೆ ಬಟ್ಟೆ ಸುಲಿದ ಹಾಗೆ ಇಡೀ ಹಾಳೆಯಾಗಿ ಬರುತ್ತದೆ. ಹೀಗಾದ ಕಡೆ ಎನಾಮೆಲ್ ಮತ್ತೆ ಹೊಡೆದು ಪ್ರಯೋಜನವೇ ಇಲ್ಲ, ಪೂರ್ತಿ ತೆಗೆದು ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಸಣ್ಣಗೆ ಕೊರೆದು ಹಿಡಿಯುವ ಪ್ರೈಮರ್‌ನಿಂದ ಆರಂಭಿಸಬೇಕು.

ಕಂದು ಬಣ್ಣ ಇದ್ದರೆ ತುಕ್ಕಿನ ಮೇಲೆ ಹೊಡೆದದ್ದು. ಅಡಿಯಲ್ಲಿ ಬೇರೆ ಬಣ್ಣದ ಪದರ ಅಂಟಿಕೊಂಡು ಬಂದಿದ್ದರೆ ನಿಮ್ಮ ಬಣ್ಣ ಸರಿಯಾಗಿಯೇ ಹಿಡಿದಿದೆ, ಅದರ ಕೆಳಗಿನ ಹಳೇ ಬಣ್ಣ ಲೋಹ ಬಿಟ್ಟಿದೆ. ಲೋಹದ ಮೇಲೆ ಪ್ರೈಮರ್ ಉಳಿದು ಮೇಲಿನ ಬಣ್ಣ ಮಾತ್ರ ಬಂದಿದ್ದರೆ ಪ್ರೈಮರ್ ಹಾಕಿ ದಿನಗಟ್ಟಲೆ ಬಿಟ್ಟು, ಉಜ್ಜದೆ ಮೇಲಿನದನ್ನು ಹೊಡೆದಿದ್ದಾರೆ ಎಂದರ್ಥ. ಇದು ಎಲ್ಲಕ್ಕಿಂತ ಸುಲಭದ ದೋಷ. 320ರ ಪೇಪರ್‌ನಿಂದ (ಸ್ಯಾಂಡ್‌ಪೇಪರ್, ಸಂಖ್ಯೆ ದೊಡ್ಡದಾದಷ್ಟು ನಯ) ಪ್ರೈಮರಿನ ಹೊಳಪು ಹೋಗುವಷ್ಟು ಉಜ್ಜಿ, ಒರೆಸಿ, ಮತ್ತೆ ಹೊಡೆದರೆ ಸಾಕು.

ಅದು ಯಾವ ಲೋಹ, ಹಳೇ ಬಣ್ಣ ಯಾವುದು

ಅಂಗಡಿಯವರು ಹಿತ್ತಾಳೆ ಎಂದು ಕೊಟ್ಟದ್ದೆಲ್ಲ ಹಿತ್ತಾಳೆಯಲ್ಲ. ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ, ಮೇಲೆ ಹಿತ್ತಾಳೆ ಲೇಪ. ಅಂಟದಿದ್ದರೆ ಕಾಣದ ಜಾಗದಲ್ಲಿ ಅರದಿಂದ ಒಂದು ಗೀರು ಹಾಕಿ. ಒಳಗೂ ಹಳದಿಯಿದ್ದರೆ ಹಿತ್ತಾಳೆ. ಬೆಳ್ಳಗಿದ್ದು ಹಗುರವಾಗಿದ್ದರೆ ಅಲ್ಯೂಮಿನಿಯಂ. ಬೂದು ಬಣ್ಣವಾಗಿದ್ದು ಗಾತ್ರಕ್ಕೆ ಮೀರಿದ ಭಾರವಿದ್ದರೆ ಸತುವಿನ ಎರಕ. ಗಟ್ಟಿ ಹಿತ್ತಾಳೆಯ ದೀಪಕ್ಕೆ ಬಣ್ಣ ಬಳಿಯದಿರುವುದೇ ಒಳ್ಳೆಯದು. ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ ತೊಳೆದರೆ ಬರುವ ಮೆರುಗನ್ನು ಯಾವ ಗೋಲ್ಡ್ ಸ್ಪ್ರೇಯೂ ಕೊಡುವುದಿಲ್ಲ.

ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಅಥವಾ ಬೂದು ಮೆಟಲ್ ಪ್ರೈಮರ್ ಸಾಕು. ಅಲ್ಯೂಮಿನಿಯಂ, ಸತು, ಹಿತ್ತಾಳೆಗಳಿಗೆ ಎಚ್ ಪ್ರೈಮರ್ ಬೇಕು. ಅದರಲ್ಲಿರುವ ಫಾಸ್ಫಾರಿಕ್ ಆಮ್ಲ ಲೋಹದ ಮೇಲ್ಮೈಯನ್ನು ಸಣ್ಣಗೆ ಕೊರೆದು ಹಿಡಿತ ಕೊಡುತ್ತದೆ. ತೆಳ್ಳಗೆ ಒಂದೇ ಕೋಟ್, ಹಿಂದಿನ ಲೋಹ ಮಸುಕಾಗಿ ಕಾಣುವಷ್ಟು. ದಪ್ಪವಾದರೆ ಅದೇ ಒಳಗೆ ಸೀಳುತ್ತದೆ. ಇವೆಲ್ಲ ವಾಹನಗಳ ಪೇಂಟ್ ಮಾರುವ ಅಂಗಡಿಗಳಲ್ಲಿ ಸಿಗುತ್ತವೆ, ಮನೆ ಪೇಂಟ್ ಅಂಗಡಿಗಳಲ್ಲಿ ಕೇಳಿದರೆ ಎಲ್ಲದಕ್ಕೂ ರೆಡ್ ಆಕ್ಸೈಡ್ ಕೊಟ್ಟು ಕಳಿಸುತ್ತಾರೆ.

ಹಳೇ ಬಣ್ಣ ಯಾವುದೆಂದು ತಿಳಿಯಲು ಹತ್ತಿಯನ್ನು ಎನ್.ಸಿ. ಥಿನ್ನರ್‌ನಲ್ಲಿ (ನೈಟ್ರೋಸೆಲ್ಯುಲೋಸ್ ಪೇಂಟಿಗೆ ಬಳಸುವ ಥಿನ್ನರ್) ಅದ್ದಿ ಕಾಣದ ಮೂಲೆಯಲ್ಲಿ ಅರ್ಧ ನಿಮಿಷ ಇಡಿ. ಕರಗಿ ಹತ್ತಿಗೆ ಬಣ್ಣ ಬಂದರೆ ಲ್ಯಾಕರ್ ಅಥವಾ ಸಾಧಾರಣ ಸ್ಪ್ರೇ. ಸುಕ್ಕುಗಟ್ಟಿ ಎದ್ದರೆ ಎನಾಮೆಲ್. ಏನೂ ಆಗದಿದ್ದರೆ ಪೌಡರ್ ಕೋಟಿಂಗ್ ಅಥವಾ ಹಾರ್ಡನರ್ ಬೆರೆಸಿದ ಎರಡು ಪ್ಯಾಕಿನ ಪೇಂಟ್. ಪೌಡರ್ ಕೋಟಿಂಗ್ ಗಟ್ಟಿಯಾಗಿದ್ದರೆ ಅದನ್ನು ತೆಗೆಯುವ ಶ್ರಮ ಬೇಡ, 320ರ ಪೇಪರ್‌ನಿಂದ ಮಂಕು ಮಾಡಿ ಅದರ ಮೇಲೆಯೇ ಹೊಡೆಯಿರಿ.

ಸುಕ್ಕು, ಕುಳಿ, ಬಿಳಿ ಮಂಜು

ಎರಡನೇ ಕೋಟ್ ಹೊಡೆದ ನಿಮಿಷದಲ್ಲೇ ಬಣ್ಣ ಸುಕ್ಕುಗಟ್ಟುವುದಕ್ಕೆ ಕಾರಣ ಒಂದೇ: ಮೇಲಿನದರ ಥಿನ್ನರ್ ಕೆಳಗಿನ ಅರೆಬರೆ ಒಣಗಿದ ಪದರವನ್ನು ಉಬ್ಬಿಸಿದೆ. ಎನಾಮೆಲ್ ಮೇಲೆ ಎನ್.ಸಿ. ಆಧಾರಿತ ಸ್ಪ್ರೇ ಹೊಡೆದರೆ ಹೀಗಾಗುತ್ತದೆ. ಒಂದೇ ಡಬ್ಬಿಯ ಎರಡು ಕೋಟ್‌ಗಳ ನಡುವೆಯೂ ಆಗಬಹುದು. ಅನೇಕ ಎನಾಮೆಲ್ ಸ್ಪ್ರೇ ಡಬ್ಬಿಗಳ ಮೇಲೆ ‘ಒಂದು ಗಂಟೆಯೊಳಗೆ, ಇಲ್ಲವೇ 24 ಅಥವಾ 48 ಗಂಟೆ ಆದ ಮೇಲೆ’ ಎಂಬರ್ಥದ ಸೂಚನೆ ಇರುವುದು ಇದೇ ಕಾರಣಕ್ಕೆ. ಮೊದಲ ಗಂಟೆಯಲ್ಲಿ ಎರಡೂ ಪದರ ಬೆರೆತು ಒಂದಾಗುತ್ತವೆ. ನಡುವಿನ ಹೊತ್ತಿನಲ್ಲಿ ಕೆಳಗಿನದು ಮೇಲ್ಮೈಯಲ್ಲಷ್ಟೇ ತೊಗಲುಗಟ್ಟಿರುತ್ತದೆ, ಒಳಗೆ ಹಸಿ. ಸುಕ್ಕಾದದ್ದನ್ನು ಹಸಿಯಲ್ಲಿ ಮುಟ್ಟಬೇಡಿ. ಎರಡು-ಮೂರು ದಿನ ಒಣಗಲು ಬಿಟ್ಟು, 320ರಿಂದ ಮಟ್ಟಮಾಡಿ, ಅದೇ ಜಾತಿಯ ಪೇಂಟನ್ನು ತೆಳುವಾಗಿ ಹೊಡೆಯಿರಿ. ಪೇಪರ್‌ಗೆ ಅಂಟಿ ಉಂಡೆಗಟ್ಟಿದರೆ ಇನ್ನೂ ಒಣಗಿಲ್ಲ ಎಂದೇ ಲೆಕ್ಕ.

ಬಣ್ಣ ಬಿದ್ದ ಕೂಡಲೇ ದುಂಡನೆಯ ಸಣ್ಣ ಕುಳಿಗಳಾಗಿ ಸರಿದು, ನಡುವೆ ಕೆಳಗಿನದು ಇಣುಕಿದರೆ ಅದನ್ನು ಫಿಶ್ ಐ ಎನ್ನುತ್ತಾರೆ. ಮೇಲ್ಮೈಯಲ್ಲಿ ಎಣ್ಣೆ, ಮೇಣ ಅಥವಾ ಸಿಲಿಕೋನ್ ಇದೆ. ಅಡುಗೆಮನೆಯಲ್ಲಿದ್ದ ದೀಪದಲ್ಲಿ ಒಗ್ಗರಣೆಯ ಜಿಡ್ಡು, ದೇವರಮನೆಯಲ್ಲಿದ್ದದ್ದರಲ್ಲಿ ಊದುಬತ್ತಿ, ಎಣ್ಣೆದೀಪಗಳ ಮಸಿ ವರ್ಷಗಟ್ಟಲೆ ಕೂತಿರುತ್ತದೆ. ಮಾರುವವರು ಹೊಳಪಿಗೆಂದು ಪಾಲಿಶ್ ಉಜ್ಜಿರುವುದೂ ಉಂಟು. ಇಲ್ಲಿ ಕ್ರಮ ಮುಖ್ಯ: ಮೊದಲು ತೊಳೆಯಬೇಕು, ಆಮೇಲೆ ಉಜ್ಜಬೇಕು. ತೊಳೆಯದೆ ಪೇಪರ್ ಹಿಡಿದರೆ ಜಿಡ್ಡು ಗೀರುಗಳ ಒಳಕ್ಕೇ ಇಳಿಯುತ್ತದೆ. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಸಂದುಗೊಂದು ತಿಕ್ಕಿ. ಕಬ್ಬಿಣವಾದರೆ ಒಂದು ಚಮಚ ವಾಷಿಂಗ್ ಸೋಡವನ್ನೂ ಹಾಕಬಹುದು, ಅಲ್ಯೂಮಿನಿಯಂಗೆ ಬೇಡ. ಒಣಗಿಸಿ ಉಜ್ಜಿದ ಮೇಲೆ ಥಿನ್ನರ್ ಬಟ್ಟೆಯಿಂದ ಒರೆಸಿ, ಹಿಂದೆಯೇ ಇನ್ನೊಂದು ಒಣ ಬಟ್ಟೆ ಎಳೆಯಿರಿ. ಒಂದೇ ಬಟ್ಟೆ ಆಡಿಸುತ್ತಿದ್ದರೆ ಜಿಡ್ಡು ಜಾಗ ಬದಲಿಸುತ್ತದೆ ಅಷ್ಟೆ. ಆಮೇಲೆ ಬರಿಗೈಯಲ್ಲಿ ಮುಟ್ಟಬಾರದು.

ಹೊಳಪಿನ ಕಪ್ಪು ಹೊಡೆದರೆ ಬೂದಿ ಬಳಿದಂತೆ ಬಿಳಿ ಮಂಜು ಕವಿಯುವುದು ಮಳೆಗಾಲದ ದೋಷ. ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಹನಿಗಟ್ಟುತ್ತದೆ. ಮಂಗಳೂರು, ಉಡುಪಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಕೆಲಸ ಇಟ್ಟುಕೊಳ್ಳದಿರುವುದೇ ಸರಿ. ಬೆಂಗಳೂರು, ಮೈಸೂರಿನಲ್ಲೂ ಮಳೆಯ ದಿನಗಳಲ್ಲಿ ಬೆಳಗ್ಗೆ 11ರಿಂದ 3ರ ನಡುವೆ ಮಾತ್ರ ಹೊಡೆಯಿರಿ. ಒದ್ದೆ ಬಟ್ಟೆಯಿಂದ ಲೋಹದ ಮೇಲೆ ಒಂದು ಪಟ್ಟೆ ಎಳೆದು, 15 ನಿಮಿಷದಲ್ಲಿ ಅದು ಆರಿಹೋಗುತ್ತದೆಯೇ ನೋಡಿ. ಆರದಿದ್ದರೆ ಆ ದಿನ ಬೇಡ. ಮಂಜು ಬಂದಾಗಿದೆ ಎಂದರೆ ಕಿತ್ತುಹಾಕಬೇಕಿಲ್ಲ. ಒಣ ದಿನ ನೋಡಿ ಮೇಲೆ ತೀರಾ ತೆಳು ಕೋಟ್ ಹೊಡೆದರೆ ಕೆಳಗಿನದು ಸ್ವಲ್ಪ ಕರಗಿ ತೇವ ಬಿಡುತ್ತದೆ, ಮಂಜು ಹೆಚ್ಚಾಗಿ ಮಾಯವಾಗುತ್ತದೆ.

ಮೇಲ್ಮೈ ಮರಳಿನಂತೆ ಉರುಟಾಗಿದ್ದರೆ ದೂರದಿಂದ ಹೊಡೆದಿದ್ದಾರೆ ಅಥವಾ ಫ್ಯಾನ್ ಓಡುತ್ತಿತ್ತು. ಕಣಗಳು ದಾರಿಯಲ್ಲೇ ಒಣಗಿವೆ. ಸೋರಿದ ಗೆರೆಗಳಿದ್ದರೆ ಹತ್ತಿರದಿಂದ, ಒಂದೇ ಕಡೆ ನಿಂತು. 20-25 ಸೆಂ.ಮೀ. ದೂರ, ಕೈ ಚಲಿಸುತ್ತಲೇ ಇರಬೇಕು, ಗುಂಡಿ ಒತ್ತುವುದೂ ಬಿಡುವುದೂ ದೀಪದ ಅಂಚಿನ ಹೊರಗೆ. ಡಬ್ಬಿಯೊಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೂ ಪೂರ್ತಿ ಎರಡು ನಿಮಿಷ ಅಲ್ಲಾಡಿಸಿ.

ಬ್ರಶ್‌ನಿಂದ ಹಚ್ಚಿದ ಎನಾಮೆಲ್ ಮೂರು ದಿನವಾದರೂ ಅಂಟಂಟಾಗಿದ್ದರೆ ದಪ್ಪವಾಗಿದೆ, ಇಲ್ಲವೇ ತೆಳು ಮಾಡಲು ಸೀಮೆಎಣ್ಣೆ ಬೆರೆಸಿದ್ದಾರೆ. ಅದರಲ್ಲಿ ನಿಧಾನಕ್ಕೆ ಆರುವ ಭಾಗ ಹೆಚ್ಚು. ಟರ್ಪೆಂಟೈನ್ ಬಳಸಬೇಕು. ದೀಪದಲ್ಲಿ ಅಂಟಿಗೆ ಇನ್ನೊಂದು ಕಾರಣವೂ ಇದೆ, ಬೇರೆ ಕಡೆ ಕಾಣದ್ದು: ಪಿವಿಸಿ ತಂತಿ ಒತ್ತಿಕೊಂಡಿರುವ ಗೆರೆಯುದ್ದಕ್ಕೂ ಮಾತ್ರ ಬಣ್ಣ ಮೆತ್ತಗಾಗಿ ತಂತಿ ಅಂಟಿಕೊಳ್ಳುತ್ತದೆ. ಪಿವಿಸಿಯನ್ನು ಮೆದುವಾಗಿಡುವ ಎಣ್ಣೆಯಂಥ ರಾಸಾಯನಿಕ ಹೊರಬಂದು ಬಣ್ಣವನ್ನು ಮೆತ್ತಗೆ ಮಾಡಿದೆ. ಅಲ್ಲಿ ತಂತಿಗೆ ಫೈಬರ್ ಗ್ಲಾಸ್ ಸ್ಲೀವ್ ಹಾಕಿ. ಹೊಸ ಬಣ್ಣಕ್ಕೆ ಒಂದು ವಾರವಾದರೂ ತಂತಿ ತಾಗಿಸಬೇಡಿ.

ಗುಳ್ಳೆ ಮತ್ತು ಮತ್ತೆ ಮತ್ತೆ ಬರುವ ತುಕ್ಕು

ಗುಳ್ಳೆ ಒಡೆದು ನೋಡಿ. ಒಳಗೆ ಕಂದು ಇದ್ದರೆ ತುಕ್ಕು ಕೆಳಗೆ ಬೆಳೆಯುತ್ತಿದೆ. ಲೋಹ ಶುಭ್ರವಾಗಿದ್ದು ನೀರಿನ ಪಸೆ ಮಾತ್ರ ಇದ್ದರೆ ಉಪ್ಪು ಕಾರಣ. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ಅದರಲ್ಲಿ ತೊಳೆದು ಗಾಳಿಗೆ ಒಣಗಲು ಬಿಟ್ಟರೆ ಹನಿ ನಿಂತ ಕಡೆಯೆಲ್ಲ ಲವಣ ಉಳಿಯುತ್ತದೆ, ಮಳೆಗಾಲದಲ್ಲಿ ಆ ಲವಣ ಬಣ್ಣದ ಪದರದ ಮೂಲಕ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಕೊನೆಯ ಸಲ ತೊಳೆಯುವುದು ಆರ್‌ಒ ಫಿಲ್ಟರ್‌ನ ಕುಡಿಯುವ ನೀರಿನಲ್ಲಾಗಲಿ. ಕೂಡಲೇ ಬಟ್ಟೆಯಿಂದ ಒರೆಸಿ ಹೇರ್ ಡ್ರೈಯರ್ ಹಿಡಿಯಿರಿ. ಕರಾವಳಿಯಿಂದ ಬಂದ ದೀಪದಲ್ಲಿ ತುಕ್ಕಿನ ಕುಳಿಗಳೊಳಗೆ ಸಮುದ್ರದ ಉಪ್ಪು ಸೇರಿರುತ್ತದೆ, ಅದನ್ನು ಉಜ್ಜಿ, ತೊಳೆದು, ಮತ್ತೆ ಉಜ್ಜಿ, ಮತ್ತೆ ತೊಳೆಯಬೇಕು. ಒಂದೇ ಸಲ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರಾವಣ) ಹಚ್ಚಿ ಬಿಟ್ಟರೆ ಮುಂದಿನ ಮಳೆಗೆ ಅದೇ ಜಾಗದಲ್ಲಿ ಕಂದು ಚುಕ್ಕೆ ಮೂಡುತ್ತದೆ.

ಸಡಿಲ ತುಕ್ಕನ್ನು ತಂತಿ ಬ್ರಶ್‌ನಿಂದಲೂ 120ರ ಪೇಪರ್‌ನಿಂದಲೂ ತೆಗೆದ ಮೇಲೆ, ಕುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿ. ಡಬ್ಬಿಯ ಮೇಲೆ ತೊಳೆಯಲು ಹೇಳಿದ್ದರೆ ತೊಳೆಯಲೇಬೇಕು, ಉಳಿದ ಆಮ್ಲವೇ ಗುಳ್ಳೆಗೆ ಕಾರಣವಾಗುತ್ತದೆ. ಶುಭ್ರ ಕಬ್ಬಿಣವನ್ನು ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆಗೆ ತೆಳು ಕಿತ್ತಳೆ ಛಾಯೆ ಬಂದಿರುತ್ತದೆ, ಆದ್ದರಿಂದ ಪ್ರೈಮರ್ ಅದೇ ದಿನ ಬೀಳಲಿ. ಕೊಳವೆಯ ಒಳಗೆ, ಮಡಿಕೆಗಳ ಸಂದಿಯಲ್ಲಿ ನೀರು ನಿಂತಿಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳಿ. ಸಂದಿಯಿಂದ ಕಂದು ಗೆರೆ ಇಳಿದು ಬರುವುದು ಅಲ್ಲಿಂದಲೇ.

ವಾಸನೆ, ಹಳದಿ ಬಣ್ಣ, ಹೋಲ್ಡರ್ ಸುತ್ತ ಬಿರುಕು

ಹಳೇ ದೀಪಗಳನ್ನು 60 ಅಥವಾ 100 ವಾಟ್ ತಂತಿ ಬಲ್ಬಿಗೆಂದು ಮಾಡಿದ್ದು. ಆ ಬಲ್ಬ್ ತೆಗೆದುಕೊಳ್ಳುವ ಕರೆಂಟಿನ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ, ಹೋಲ್ಡರ್ ಸುತ್ತಲಿನ ಲೋಹ 100 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಮನೆಬಳಕೆಯ ಎನಾಮೆಲ್ ಅದನ್ನು ತಾಳದು: ಬಿಳಿ ಹಳದಿಯಾಗುತ್ತದೆ, ಕಪ್ಪು ಬಿರುಕು ಬಿಡುತ್ತದೆ, ವಾಸನೆ ನಿಲ್ಲುವುದಿಲ್ಲ. ದೋಷ ಹೋಲ್ಡರ್‌ನಿಂದ ಮೂರು-ನಾಲ್ಕು ಸೆಂ.ಮೀ. ಒಳಗೆ ಮಾತ್ರ ಇದ್ದು ಉಳಿದೆಡೆ ಬಣ್ಣ ಚೆನ್ನಾಗಿದ್ದರೆ ಬಿಸಿಯೇ ಕಾರಣ. 9 ವಾಟ್ ಎಲ್‌ಇಡಿ ಹಾಕಿದರೆ 60 ವಾಟ್ ಬಲ್ಬಿನಷ್ಟು ಬೆಳಕು ಸಿಗುತ್ತದೆ, ಬಣ್ಣವೂ ಉಳಿಯುತ್ತದೆ. ಹಳೇ ಬಲ್ಬೇ ಬೇಕೆಂದರೆ ಶಾಖ ತಡೆಯುವ ಸಿಲಿಕೋನ್ ಪೇಂಟ್ ಬೇಕು. ಅದು ಡಬ್ಬಿಯ ಮೇಲೆ ಬರೆದ ಶಾಖದಲ್ಲಿ ಒಮ್ಮೆ ಕಾಯ್ದರೆ ಮಾತ್ರ ಗಟ್ಟಿಯಾಗುತ್ತದೆ, ಅಲ್ಲಿಯವರೆಗೆ ಉಗುರಿಗೆ ಬರುತ್ತದೆ. ಇದನ್ನು ದೋಷ ಎಂದುಕೊಂಡು ಕಿತ್ತವರಿದ್ದಾರೆ.

ಎಲ್‌ಇಡಿಗೂ ಒಂದು ಮಿತಿ ಇದೆ. ಪೂರ್ತಿ ಮುಚ್ಚಿದ ಗ್ಲೋಬಿನಲ್ಲಿ, ಅದರಲ್ಲೂ ಗಾಳಿ ಆಡುವ ಸಣ್ಣ ರಂಧ್ರಗಳಿಗೆ ಬಣ್ಣ ತುಂಬಿದ್ದರೆ, ಬಲ್ಬಿನ ಬುಡದಲ್ಲಿರುವ ಡ್ರೈವರ್ (ಎಲ್‌ಇಡಿಗೆ ಬೇಕಾದಂತೆ ಕರೆಂಟ್ ಹದ ಮಾಡುವ ಸರ್ಕ್ಯೂಟ್) ಬೆಂದು ಬಲ್ಬ್ ಕೆಲವು ತಿಂಗಳಲ್ಲೇ ಸಾಯುತ್ತದೆ. ಬಣ್ಣ ಹೊಡೆದ ಮೇಲೆ ಬಲ್ಬ್ ಪದೇಪದೇ ಹೋಗುತ್ತಿದೆ ಎಂಬ ದೂರಿಗೆ ಆ ರಂಧ್ರಗಳನ್ನು ಸೂಜಿಯಿಂದ ಬಿಡಿಸಿ ನೋಡಿ.

ಹೊಸ ಬಣ್ಣಕ್ಕೆ ಮೊದಲ ದಿನವೇ ಗಂಟೆಗಟ್ಟಲೆ ದೀಪ ಹಾಕಿದರೆ ಒಳಗೆ ಉಳಿದ ಥಿನ್ನರ್ ಆವಿಯಾಗಿ ಸೂಜಿಮೊನೆಯಂಥ ಗುಳ್ಳೆಗಳು ಬರುತ್ತವೆ. ಮುಟ್ಟಿದರೆ ಒಣಗಿದೆ ಎನ್ನಿಸಿದರೂ ಎನಾಮೆಲ್ ಒಳಗಿನಿಂದ ಗಟ್ಟಿಯಾಗಲು ಏಳು ದಿನ ಬೇಕು.

ಬೆಳಕು ಕಡಿಮೆಯಾಯಿತು ಎಂಬ ದೂರಿಗೆ ಉತ್ತರ ಶೇಡಿನ ಒಳಮೈಯಲ್ಲಿದೆ. ಒಳಗೂ ಕಪ್ಪು ಹೊಡೆದಿದ್ದರೆ ಬೆಳಕಿನ ದೊಡ್ಡ ಪಾಲು ಅಲ್ಲೇ ಇಂಗುತ್ತದೆ. ಒಳಗೆ ಮ್ಯಾಟ್ ಬಿಳಿ ಹೊಡೆಯಿರಿ, ಅದೂ ಅಕ್ರಿಲಿಕ್. ಎನಾಮೆಲ್ ಬಿಳಿ ಬೇಗ ಹಳದಿಯಾಗುತ್ತದೆ. ಗೋಲ್ಡ್ ಅಥವಾ ಕ್ರೋಮ್ ಸ್ಪ್ರೇ ಮೇಲೆ ರಕ್ಷಣೆಗೆಂದು ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಕೋಟ್) ಹೊಡೆದರೆ ಆ ಕನ್ನಡಿ ಹೊಳಪು ಬೂದಾಗುತ್ತದೆ. ಅದಕ್ಕೆ ಪರಿಹಾರವಿಲ್ಲ, ಮತ್ತೆ ಮೊದಲಿನಿಂದ ಹೊಡೆದು ಕ್ಲಿಯರ್ ಇಲ್ಲದೆ ಬಿಡಬೇಕು.

ಗಾಜಿನ ಶೇಡಿನಿಂದ ಬಣ್ಣ ಹಾಳೆಯಾಗಿ ಬರುತ್ತಿದ್ದರೆ ಉಜ್ಜಲು ಹೋಗದೆ, ಬ್ಲೇಡಿನಿಂದ ಕೆರೆದು, ಗಾಜಿಗೆಂದೇ ಇರುವ ಫ್ರಾಸ್ಟ್ ಸ್ಪ್ರೇಯನ್ನು ಹೊರಮೈಗೆ ಹೊಡೆಯಿರಿ. ಪ್ಲಾಸ್ಟಿಕ್ ಶೇಡಿಗೆ ಥಿನ್ನರ್ ತಾಗಿಸಬೇಡಿ. ಅಕ್ರಿಲಿಕ್‌ನಲ್ಲಿ ಕೂದಲೆಳೆಯ ಬಿರುಕುಗಳು ಬಂದರೆ ಆ ಶೇಡ್ ಮುಗಿದಂತೆಯೇ.

ಪೂರ್ತಿ ಕಿತ್ತು ಮತ್ತೆ ಮಾಡುವುದಾದರೆ

ಮನೆಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ದೀಪದ ಹಳದಿ, ಕೆಂಪು, ಹಸಿರು ಎನಾಮೆಲ್‌ನಲ್ಲಿ ಸೀಸ ಇದೆಯೆಂದೇ ತಿಳಿದು ನಡೆಯಿರಿ. ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ, ವಾಟರ್ ಪೇಪರ್ ನೆನೆಸಿ ಉಜ್ಜಿ. ಮಕ್ಕಳು, ಗರ್ಭಿಣಿಯರು ಹತ್ತಿರವಿರಬಾರದು. ಕೆಸರನ್ನು ಕಾಗದದಲ್ಲಿ ಒರೆಸಿ ಕವರಿನಲ್ಲಿ ಕಟ್ಟಿ, ಸಿಂಕಿಗೆ ಬಿಡಬೇಡಿ. ಪೇಂಟ್ ರಿಮೂವರ್ ಹಚ್ಚುವುದು ಬಯಲಿನಲ್ಲಿ, ದಪ್ಪ ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು. ಕಾಸ್ಟಿಕ್ ಸೋಡ ಕಬ್ಬಿಣಕ್ಕೆ ನಡೆಯುತ್ತದೆ, ಅಲ್ಯೂಮಿನಿಯಂ ಮತ್ತು ಸತುವನ್ನು ಅದು ಬಣ್ಣದ ಜೊತೆಗೇ ತಿನ್ನುತ್ತದೆ.

ಎರಡು ಶೇಡಿನ ಗೋಡೆ ದೀಪಕ್ಕೆ 400 ಎಂಎಲ್‌ನ ಒಂದು ಪ್ರೈಮರ್, ಒಂದು ಬಣ್ಣ ಸಾಕು. ಐದು ಕೈಗಳ ತೂಗುದೀಪಕ್ಕೆ ಬಣ್ಣದ್ದು ಎರಡು ಡಬ್ಬಿ ಇಟ್ಟುಕೊಳ್ಳಿ. ಪ್ರೈಮರ್ ಮೇಲೆ 400ರ ವಾಟರ್ ಪೇಪರ್ ಒಮ್ಮೆ ಆಡಿಸಿ, ಒರೆಸಿ, ಬಣ್ಣದ ಮೂರು ತೆಳು ಕೋಟ್, ನಡುವೆ 10-15 ನಿಮಿಷ. ಮೊದಲನೆಯದರಲ್ಲಿ ಕೆಳಗಿನ ಪ್ರೈಮರ್ ಕಾಣುತ್ತಿರಲಿ, ಒಂದೇ ಏಟಿಗೆ ಮುಚ್ಚಲು ಹೋದಾಗಲೇ ಸೋರುವುದು. ಕೊಕ್ಕೆಗೆ ನೇತುಹಾಕಿ, ಒಳಮೂಲೆ, ಕೆಳಮೈಗಳನ್ನು ಮೊದಲು ಹೊಡೆದು ಎದುರುಮೈಯನ್ನು ಕೊನೆಗೆ ಹೊಡೆಯಿರಿ. ಹೊರಗಿನ ಮೈ ಕಿತ್ತಳೆ ಸಿಪ್ಪೆಯಂತೆ ಉಬ್ಬುತಗ್ಗಾದರೆ ಒಣಗಿದ ಮೇಲೆ 600ರಿಂದ ನೀರು ಹಾಕಿ ಉಜ್ಜಿ ಕೊನೆಯ ಕೋಟ್ ಕೊಡಿ.

ಬಣ್ಣ ಬೀಳಬಾರದ ಜಾಗಗಳನ್ನು ಟೇಪ್ ಹಾಕಿ ಮುಚ್ಚಿ: ಅರ್ಥ್ ಬಿಂದು, ಕೊಳವೆಯ ಥ್ರೆಡ್, ಶೇಡ್ ಬಿಗಿಯುವ ರಿಂಗ್, ಗಾಳಿ ರಂಧ್ರಗಳು, ಒಳಗೆ ವಾಟ್ ಮಿತಿ ಬರೆದ ಚೀಟಿ. ಸರಪಳಿಯನ್ನು ಬಿಗಿದಾಗಲೂ ಸಡಿಲ ಬಿಟ್ಟಾಗಲೂ ಹೊಡೆಯಬೇಕು, ಇಲ್ಲದಿದ್ದರೆ ಕೊಂಡಿಗಳು ತಾಗುವ ಕಡೆ ಬರೇ ಲೋಹ ಉಳಿಯುತ್ತದೆ. ತೂಗಾಡಿ ಉಜ್ಜಿ ಅಲ್ಲಿ ಬಣ್ಣ ಹೋಗುವುದು ಮಾತ್ರ ಸಹಜ. ನೇತುಹಾಕಿದ ಮೇಲೆ ಸಣ್ಣ ಬ್ರಶ್‌ನಿಂದ ಮುಟ್ಟಿಸಿ.

ಏಳು ದಿನ ಕಳೆದ ಮೇಲೆ ಜೋಡಿಸಿ, ಅರ್ಥ್ ಓಮ್ ಮತ್ತು ಮೈ-ತಂತಿ ಇನ್ಸುಲೇಶನ್ ಎರಡನ್ನೂ ಮತ್ತೆ ಅಳೆಯಿರಿ. ಬಲ್ಬ್ ಹಾಕಿ ಒಂದು ಗಂಟೆ ಉರಿಸಿ, ಎಂಸಿಬಿ ಇಳಿಸಿ, ಹೋಲ್ಡರ್ ಬಳಿಯ ಬಣ್ಣದ ಮೇಲೆ ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ ಅಥವಾ ಆ ಬಲ್ಬಿನ ಬಿಸಿ ಅದಕ್ಕೆ ಹೆಚ್ಚಾಯಿತು. ಮೂರು ದಿನ ಬಿಟ್ಟು ಇದನ್ನೇ ಮತ್ತೆ ಮಾಡಿ. ಆಗಲೂ ಗುರುತು ಬಿದ್ದರೆ ಬಲ್ಬಿನ ವಾಟ್ ಇಳಿಸಿ.